ಕುಡಿದು ವಾಹನ ಓಡಿಸಿದವರಿಂದ ಗಾಯಗೊಂಡಾಗ: ಪರಿಹಾರ ಪಡೆಯಲು ಸಮಗ್ರ ಮಾರ್ಗದರ್ಶಿ

ರಾತ್ರಿ ಅಂಗಡಿ ಮುಚ್ಚಿ ಸ್ಕೂಟರಿನಲ್ಲಿ ಮನೆಗೆ ಹೊರಟಿದ್ದ ನನ್ನ ಹತ್ತಿರದ ಬಂಧುವೊಬ್ಬರಿಗೆ ಎದುರು ದಿಕ್ಕಿನಿಂದ ಬಂದ ಕಾರೊಂದು ಗುದ್ದಿತು. ಕಾರಿನಿಂದ ಇಳಿದವನಿಗೆ ನೆಟ್ಟಗೆ ನಿಲ್ಲಲೂ ಆಗುತ್ತಿರಲಿಲ್ಲ ಎಂಬುದನ್ನು ಅಲ್ಲಿದ್ದ ನಾಲ್ಕಾರು ಮಂದಿ ಕಣ್ಣಾರೆ ಕಂಡಿದ್ದರು. ಆದರೆ ಆಸ್ಪತ್ರೆಯ ಪುಸ್ತಕದಲ್ಲಿ, ಗಾಬರಿಯಲ್ಲಿದ್ದ ಯಾರೋ ಅರೆಬರೆ ಹೇಳಿದ್ದನ್ನು ಕೇಳಿಕೊಂಡು ಕರ್ತವ್ಯದಲ್ಲಿದ್ದವರು ಬರೆದದ್ದು ‘ಸ್ಕೂಟರಿನಿಂದ ಬಿದ್ದು ಗಾಯ’ ಎಂದು. ಮುಂದೆ ನ್ಯಾಯಮಂಡಳಿಯಲ್ಲಿ ವಿಮಾ ಕಂಪನಿಯ ವಕೀಲರು ಬೇರೇನನ್ನೂ ಹಿಡಿಯಲಿಲ್ಲ, ಆ ಒಂದು ಸಾಲನ್ನೇ ಹಿಡಿದು ಕೂತರು. ಕುಡಿದು ಗುದ್ದಿದವನ ತಪ್ಪು ಎಷ್ಟೇ ಸ್ಪಷ್ಟವಾಗಿದ್ದರೂ ಪರಿಹಾರ ನಿಲ್ಲುವುದು ಕಾಗದದ ಮೇಲೆ ಎಂಬುದನ್ನು ನಾನು ಕಲಿತದ್ದು ಹಾಗೆ. ಯಾವ ಕಾಗದ, ಯಾವಾಗ, ಯಾರಿಂದ ಪಡೆಯಬೇಕು ಎಂಬುದನ್ನು ಕರ್ನಾಟಕದಲ್ಲಿ ಈಗ ಜಾರಿಯಲ್ಲಿರುವ ಕಾನೂನಿನ ಪ್ರಕಾರ ಇಲ್ಲಿ ಕ್ರಮವಾಗಿ ವಿವರಿಸಿದ್ದೇನೆ.

ಮೊದಲಿಗೆ ಒಂದು ತಪ್ಪು ತಿಳಿವಳಿಕೆಯನ್ನು ಬಿಡಬೇಕು. ಚಾಲಕ ಕುಡಿದಿದ್ದ ಎಂಬ ಒಂದೇ ಕಾರಣಕ್ಕೆ ನಮ್ಮಲ್ಲಿ ಪರಿಹಾರದ ಮೊತ್ತ ಹೆಚ್ಚಾಗುವುದಿಲ್ಲ. ಮೋಟಾರು ವಾಹನ ಕಾಯ್ದೆ, 1988ರ ಪ್ರಕಾರ ನ್ಯಾಯಮಂಡಳಿ ಕೊಡುವುದು ‘ನ್ಯಾಯಯುತ ಪರಿಹಾರ’. ಅದರ ಅಳತೆಗೋಲು ಗಾಯಾಳು ಕಳೆದುಕೊಂಡದ್ದೇ ಹೊರತು ಚಾಲಕನ ದುರ್ನಡತೆಯಲ್ಲ. ಕುಡಿತದ ಸಾಕ್ಷ್ಯ ಕೆಲಸಕ್ಕೆ ಬರುವುದು ಮುಖ್ಯವಾಗಿ ಎರಡು ಕಡೆ: ತಪ್ಪು ಚಾಲಕನದೇ ಎಂದು ತೋರಿಸಲು, ಮತ್ತು ಅವನನ್ನು ಕ್ರಿಮಿನಲ್ ನ್ಯಾಯಾಲಯದಲ್ಲಿ ಹೊಣೆಗಾರನನ್ನಾಗಿಸಲು. ಇವೆರಡೂ ಬೇರೆ ಬೇರೆ ದಾರಿಗಳು. ಪೊಲೀಸರು ನಡೆಸುವ ಕ್ರಿಮಿನಲ್ ಪ್ರಕರಣದಿಂದ ಚಾಲಕನಿಗೆ ಶಿಕ್ಷೆಯಾಗಬಹುದು, ಆದರೆ ಆಸ್ಪತ್ರೆಯ ಖರ್ಚು ತಾನಾಗಿ ಬರುವುದಿಲ್ಲ. ಅದಕ್ಕಾಗಿ ಮೋಟಾರು ವಾಹನ ಅಪಘಾತ ಪರಿಹಾರ ನ್ಯಾಯಮಂಡಳಿಯ ಮುಂದೆ ಪ್ರತ್ಯೇಕ ಅರ್ಜಿ ಬೇಕು. ನಮ್ಮ ನ್ಯಾಯಾಲಯಗಳ ಆವರಣದಲ್ಲಿ ಎಲ್ಲರೂ ಅದನ್ನು ಎಂವಿಸಿ ಕೇಸು ಎಂದೇ ಕರೆಯುತ್ತಾರೆ.

ಹಂತ 1: ಚಿಕಿತ್ಸೆ, ಮತ್ತು ಆಸ್ಪತ್ರೆಯ ದಾಖಲೆಯ ಮೊದಲ ಸಾಲು

112ಕ್ಕೆ ಕರೆ ಮಾಡಿ. ಪೊಲೀಸರು ಮತ್ತು ಆಂಬುಲೆನ್ಸ್ ಎರಡಕ್ಕೂ ಅದು ಸಾಕು. ಕೇಂದ್ರ ಸರ್ಕಾರ 2025ರ ಮೇ ತಿಂಗಳಲ್ಲಿ ಅಧಿಸೂಚನೆ ಹೊರಡಿಸಿರುವ ನಗದುರಹಿತ ಚಿಕಿತ್ಸಾ ಯೋಜನೆಯ ಪ್ರಕಾರ, ರಸ್ತೆ ಅಪಘಾತದ ಗಾಯಾಳುವಿಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಅಪಘಾತದ ದಿನದಿಂದ 7 ದಿನಗಳವರೆಗೆ ಗರಿಷ್ಠ 1.5 ಲಕ್ಷ ರೂಪಾಯಿಯ ಚಿಕಿತ್ಸೆ ಸಿಗಬೇಕು. ದಾಖಲಾಗುವಾಗಲೇ ಈ ಯೋಜನೆಯಡಿ ನೋಂದಾಯಿಸುವಂತೆ ಕೇಳಿ. ಬಿಲ್ಲು ಕಟ್ಟಿದ ನಂತರ ಕೇಳಿದರೆ ಪ್ರಯೋಜನ ಕಡಿಮೆ. ಗಾಯಾಳುವನ್ನು ಆಸ್ಪತ್ರೆಗೆ ತಂದ ದಾರಿಹೋಕರಿಗೆ ಕಾಯ್ದೆಯ 134ಎ ಕಲಂ ರಕ್ಷಣೆ ನೀಡುತ್ತದೆ. ಅವರ ಒಪ್ಪಿಗೆಯಿಲ್ಲದೆ ಯಾರೂ ಅವರನ್ನು ಸಾಕ್ಷಿಯಾಗಲು ಬಲವಂತ ಮಾಡುವಂತಿಲ್ಲ. ಆದರೆ ಅವರೇ ನಿಮ್ಮ ಪ್ರಕರಣದ ಅತ್ಯುತ್ತಮ ಸಾಕ್ಷಿಗಳು. ಆದ್ದರಿಂದ ವಿನಯದಿಂದ ಕೇಳಿ, ಒಪ್ಪಿದರೆ ಹೆಸರು ಮತ್ತು ಮೊಬೈಲ್ ಸಂಖ್ಯೆ ಬರೆದಿಟ್ಟುಕೊಳ್ಳಿ.

ಇನ್ನು ಆ ಮೊದಲ ಸಾಲಿನ ವಿಚಾರ. ಅಪಘಾತದ ಗಾಯಾಳು ಬಂದಾಗ ಆಸ್ಪತ್ರೆಯವರು ಎಂಎಲ್‌ಸಿ (ಮೆಡಿಕೋ-ಲೀಗಲ್ ಕೇಸ್, ಅಂದರೆ ಪೊಲೀಸರಿಗೆ ತಿಳಿಸಬೇಕಾದ ಗಾಯದ ಪ್ರಕರಣ) ಪುಸ್ತಕದಲ್ಲಿ ನಮೂದು ಮಾಡುತ್ತಾರೆ. ಅದರಲ್ಲಿ ಗಾಯ ಹೇಗಾಯಿತು, ಹೇಳಿದವರು ಯಾರು, ಕರೆತಂದವರು ಯಾರು ಎಂಬ ಅಂಕಣಗಳಿರುತ್ತವೆ. ಅಲ್ಲಿ ‘ಇಂಥ ರಸ್ತೆಯಲ್ಲಿ, ಇಂಥ ಸಮಯಕ್ಕೆ, ಇಂಥ ಸಂಖ್ಯೆಯ ಕಾರು ಡಿಕ್ಕಿ ಹೊಡೆದು ಗಾಯ’ ಎಂದು ಬರೆಯಲ್ಪಡಬೇಕು. ಸಂಖ್ಯೆ ತಿಳಿಯದಿದ್ದರೆ ‘ಕಾರು ಡಿಕ್ಕಿ’ ಎಂದಾದರೂ ಇರಲಿ. ‘ತಾನಾಗಿ ಬಿದ್ದು’, ‘ಬೈಕ್ ಸ್ಕಿಡ್ ಆಗಿ’ ಎಂಬ ಮಾತು ಅಲ್ಲಿ ಸೇರಿಕೊಂಡರೆ, ವಾಹನವನ್ನು ಆಮೇಲೆ ತಂದು ಸೇರಿಸಲಾಗಿದೆ ಎಂದು ವಿಮಾ ಕಂಪನಿ ವಾದಿಸುವುದು ಖಂಡಿತ. ಗಾಯಾಳುವಿನ ಜೊತೆಗಿರುವವರು ಬರೆದದ್ದನ್ನು ಓದಿಸಿಕೊಳ್ಳಬೇಕು. ತಪ್ಪಿದ್ದರೆ ಅದೇ ದಿನ ವೈದ್ಯರಿಗೆ ತಿಳಿಸಿ, ಸಹಿ ಮತ್ತು ಸಮಯದೊಂದಿಗೆ ತಿದ್ದುಪಡಿ ಮಾಡಿಸಬೇಕು. ಎರಡನೇ ಆಸ್ಪತ್ರೆಗೆ ವರ್ಗಾವಣೆಯಾದರೆ ಅಲ್ಲಿಯೂ ಇದೇ ಎಚ್ಚರ ಬೇಕು, ಏಕೆಂದರೆ ಎರಡು ಆಸ್ಪತ್ರೆಗಳ ದಾಖಲೆಯಲ್ಲಿ ಎರಡು ಬಗೆಯ ವಿವರಣೆ ಇದ್ದರೆ ಅದು ಇನ್ನೂ ಕೆಡುಕು.

ಹಂತ 2: ಕುಡಿತದ ಸಾಕ್ಷ್ಯ ಆರಿಹೋಗುವ ಮುನ್ನ

ಕಾಯ್ದೆಯ 185ನೇ ಕಲಂ ಪ್ರಕಾರ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಮದ್ಯಸಾರವಿದ್ದರೆ ವಾಹನ ಓಡಿಸುವುದು ಅಪರಾಧ. ಮೊದಲ ಬಾರಿಗೆ 6 ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಮತ್ತೆ ಸಿಕ್ಕಿಬಿದ್ದರೆ 2 ವರ್ಷದವರೆಗೆ ಜೈಲು ಅಥವಾ 15,000 ರೂಪಾಯಿ ದಂಡ, ಇಲ್ಲವೇ ಎರಡೂ. ರಕ್ತದಲ್ಲಿನ ಮದ್ಯದ ಪ್ರಮಾಣ ಗಂಟೆಗಂಟೆಗೂ ಇಳಿಯುತ್ತ ಹೋಗುತ್ತದೆ. ರಾತ್ರಿ ಹನ್ನೊಂದರ ಅಪಘಾತಕ್ಕೆ ಬೆಳಿಗ್ಗೆ ಎಂಟಕ್ಕೆ ರಕ್ತ ತೆಗೆದರೆ ವರದಿಯಲ್ಲಿ ಏನೂ ಸಿಗದಿರಬಹುದು. ಆದ್ದರಿಂದ ಸ್ಥಳಕ್ಕೆ ಬಂದ ಪೊಲೀಸರಿಗೆ ‘ಚಾಲಕ ಕುಡಿದಂತಿದೆ, ಉಸಿರು ಪರೀಕ್ಷೆ ಮಾಡಿಸಿ’ ಎಂದು ಬಾಯಿಮಾತಿನಲ್ಲಿ ಹೇಳಿದರೆ ಸಾಲದು. ಅದೇ ಮಾತನ್ನು ದೂರಿನಲ್ಲಿಯೂ ಬರೆಯಿರಿ. ಚಾಲಕನೂ ಗಾಯಗೊಂಡು ಆಸ್ಪತ್ರೆಯಲ್ಲಿದ್ದರೆ, ಅವನ ಕೇಸ್ ಶೀಟಿನಲ್ಲಿ ವೈದ್ಯರು ‘ಮದ್ಯದ ವಾಸನೆ ಇದೆ’ ಎಂದು ಬರೆದಿರುವ ಸಾಧ್ಯತೆ ಇರುತ್ತದೆ, ಮುಂದೆ ಅದನ್ನು ನ್ಯಾಯಮಂಡಳಿಯ ಮೂಲಕ ತರಿಸಬಹುದು.

ಪರೀಕ್ಷೆಯೇ ನಡೆಯದಿದ್ದರೆ ಎಲ್ಲವೂ ಮುಗಿಯಿತೆಂದು ತಿಳಿಯಬೇಡಿ. ನ್ಯಾಯಮಂಡಳಿಯಲ್ಲಿ ಬೇಕಿರುವುದು ಕ್ರಿಮಿನಲ್ ನ್ಯಾಯಾಲಯದಂತೆ ಸಂಶಯಾತೀತ ರುಜುವಾತಲ್ಲ. ಯಾವುದು ಹೆಚ್ಚು ಸಂಭವನೀಯ ಎಂಬ ತೂಕ ಸಾಕು. ತಪ್ಪು ಬದಿಯಲ್ಲಿ ಬಂದದ್ದು, ಬ್ರೇಕ್ ಹಾಕಿದ ಗುರುತೇ ಇಲ್ಲದಿರುವುದು, ಅಂಗಡಿಯೊಂದರ ಸಿಸಿಟಿವಿ ದೃಶ್ಯ, ದಾರಿಹೋಕರ ಹೇಳಿಕೆ, ಇವೇ ನಿರ್ಲಕ್ಷ್ಯವನ್ನು ಸಾಬೀತು ಮಾಡಬಲ್ಲವು. ಸಿಸಿಟಿವಿ ವಿಚಾರದಲ್ಲಿ ಮಾತ್ರ ತಡ ಮಾಡಬಾರದು. ಹಲವು ಅಂಗಡಿಗಳ ಯಂತ್ರಗಳಲ್ಲಿ ಕೆಲವೇ ದಿನಗಳಲ್ಲಿ ಹಳೆಯ ದೃಶ್ಯದ ಮೇಲೆ ಹೊಸದು ದಾಖಲಾಗಿಬಿಡುತ್ತದೆ. ಮರುದಿನವೇ ಮನೆಯವರೊಬ್ಬರು ಆ ರಸ್ತೆಯಲ್ಲಿ ನಡೆದು, ಯಾವ ಅಂಗಡಿ, ಯಾವ ಪೆಟ್ರೋಲ್ ಬಂಕ್, ಯಾವ ಮನೆಯ ಗೇಟಿನ ಕ್ಯಾಮೆರಾ ರಸ್ತೆಯ ಕಡೆ ತಿರುಗಿದೆ ಎಂದು ಪಟ್ಟಿ ಮಾಡಿ, ಆ ಪಟ್ಟಿಯನ್ನು ತನಿಖಾಧಿಕಾರಿಗೆ ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಲಿ. ಇದಕ್ಕೆ ಇನ್ನೊಂದು ಕಾರಣವೂ ಇದೆ. ಕುಡಿದ ಚಾಲಕನ ಬದಲು ಬೇರೊಬ್ಬ ಠಾಣೆಗೆ ಬಂದು ‘ನಾನೇ ಓಡಿಸುತ್ತಿದ್ದೆ’ ಎನ್ನುವುದುಂಟು. ಇಳಿದವನ ಮುಖ ದೃಶ್ಯದಲ್ಲಿದ್ದರೆ ಆ ಆಟ ನಡೆಯದು.

ಹಂತ 3: ಎಫ್‌ಐಆರ್ ಮತ್ತು ಪೊಲೀಸ್ ದಾಖಲೆಗಳು

ದೂರನ್ನು ಗಾಯಾಳುವೇ ಕೊಡಬೇಕೆಂದಿಲ್ಲ; ಮನೆಯವರು ಅಥವಾ ಕಂಡವರು ಯಾರಾದರೂ ಕೊಡಬಹುದು. ಅಪಘಾತ ಯಾವ ಠಾಣೆಯ ಸರಹದ್ದಿನಲ್ಲಿ ಆಯಿತು ಎಂಬ ನೆಪ ಹೇಳಿ ಹಿಂದಕ್ಕೆ ಕಳಿಸುವಂತಿಲ್ಲ, ಏಕೆಂದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಯಾವುದೇ ಠಾಣೆಯಲ್ಲಿ ಮಾಹಿತಿ ದಾಖಲಿಸಲು ಅವಕಾಶ ನೀಡುತ್ತದೆ. ಎಫ್‌ಐಆರ್ ಪ್ರತಿ ಉಚಿತ. ಅದರಲ್ಲಿ ಭಾರತೀಯ ನ್ಯಾಯ ಸಂಹಿತೆಯ 281 (ದುಡುಕಿನ ಚಾಲನೆ), 125(ಬಿ) (ನಿರ್ಲಕ್ಷ್ಯದಿಂದ ತೀವ್ರ ಗಾಯ) ಮತ್ತು ಮೋಟಾರು ವಾಹನ ಕಾಯ್ದೆಯ 185ನೇ ಕಲಂ ಇವೆಯೇ ನೋಡಿ. 185 ಬಿಟ್ಟುಹೋಗಿದ್ದರೆ ತನಿಖಾಧಿಕಾರಿಗೆ, ಅಗತ್ಯವಿದ್ದರೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಅಥವಾ ನಗರಗಳಲ್ಲಿ ಡಿಸಿಪಿಗೆ ಲಿಖಿತ ಮನವಿ ಕೊಡಿ. ದೂರು ಎರಡು ಮೂರು ದಿನ ತಡವಾಗಿದ್ದರೆ, ‘ಶಸ್ತ್ರಚಿಕಿತ್ಸೆಯಲ್ಲಿದ್ದುದರಿಂದ ತಡವಾಯಿತು’ ಎಂಬ ಕಾರಣವನ್ನು ದೂರಿನಲ್ಲಿಯೇ ಬರೆಯಬೇಕು. ವಿವರಣೆಯಿಲ್ಲದ ವಿಳಂಬವೇ ಅನುಮಾನ ಹುಟ್ಟಿಸುವುದು.

2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ಕೇಂದ್ರ ನಿಯಮಗಳು ಪೊಲೀಸರ ಮೇಲೆ ಇನ್ನೊಂದು ಹೊಣೆ ಹೊರಿಸಿವೆ. ಇದು ಗಾಯಾಳುಗಳಿಗೆ ಬಹಳ ಉಪಕಾರಿಯಾದರೂ ತಿಳಿದವರು ಕಡಿಮೆ. ತನಿಖಾಧಿಕಾರಿ 48 ಗಂಟೆಯೊಳಗೆ ಮೊದಲ ಅಪಘಾತ ವರದಿಯನ್ನು ನ್ಯಾಯಮಂಡಳಿಗೆ ಮತ್ತು ವಿಮಾ ಕಂಪನಿಗೆ ಕಳಿಸಬೇಕು. 50 ದಿನಗಳೊಳಗೆ ಮಧ್ಯಂತರ ವರದಿ, 90 ದಿನಗಳೊಳಗೆ ವಿವರವಾದ ಅಪಘಾತ ವರದಿ ಸಲ್ಲಿಸಬೇಕು. ಗಾಯಾಳುವಿಗೆ ಅವನ ಹಕ್ಕುಗಳನ್ನು ತಿಳಿಸುವ ನಮೂನೆಯನ್ನು ಕೊಡಬೇಕು, ಗಾಯಾಳು ತನ್ನ ವಿವರಗಳನ್ನು ನಮೂನೆ 6ರಲ್ಲಿ ತುಂಬಿಕೊಡಬೇಕು. ಆ ವಿವರವಾದ ವರದಿಯನ್ನೇ ಪರಿಹಾರದ ಅರ್ಜಿಯಾಗಿ ಪರಿಗಣಿಸಲು ನ್ಯಾಯಮಂಡಳಿಗೆ ಅಧಿಕಾರವಿದೆ, ಮತ್ತು 2022ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಈ ನಿಯಮಗಳನ್ನು ಕಟ್ಟುನಿಟ್ಟಾಗಿ ಪಾಲಿಸುವಂತೆ ದೇಶದಾದ್ಯಂತ ನಿರ್ದೇಶನ ನೀಡಿದೆ. ಆದರೂ ಕಾಗದ ತಾನಾಗಿ ಚಲಿಸುತ್ತದೆ ಎಂದು ಕಾಯುತ್ತ ಕೂರುವುದನ್ನು ನಾನು ಯಾರಿಗೂ ಸಲಹೆ ಮಾಡುವುದಿಲ್ಲ. ವರದಿ ಹೋಯಿತೇ ಎಂದು ವಿಚಾರಿಸಿ, ನಿಮ್ಮ ಅರ್ಜಿಯನ್ನೂ ನೀವು ಸಿದ್ಧಪಡಿಸಿಕೊಳ್ಳಿ.

ಅರ್ಜಿಗೆ ಬೇಕಾದ ಪೊಲೀಸ್ ಕಾಗದಗಳೆಂದರೆ ಎಫ್‌ಐಆರ್ ಮತ್ತು ದೂರು, ಸ್ಥಳ ಮಹಜರು, ಸ್ಥಳದ ನಕ್ಷೆ, ಮೋಟಾರು ವಾಹನ ನಿರೀಕ್ಷಕರ ತಪಾಸಣಾ ವರದಿ, ಗಾಯದ ಪ್ರಮಾಣಪತ್ರ, ಮತ್ತು ತನಿಖೆ ಮುಗಿದ ಮೇಲೆ ದೋಷಾರೋಪಣ ಪಟ್ಟಿ. ಇವೆಲ್ಲದರಲ್ಲಿ ನಕ್ಷೆಯನ್ನು ಒಮ್ಮೆ ನಿಧಾನವಾಗಿ ನೋಡಿ. ರಸ್ತೆಯ ಅಗಲ ಎಷ್ಟು, ಡಿಕ್ಕಿಯಾದ ಜಾಗ ಯಾವ ಅಂಚಿನಿಂದ ಎಷ್ಟು ಅಡಿ ದೂರ ಎಂದು ಅದರಲ್ಲಿ ಗುರುತಿಸಿರುತ್ತಾರೆ. ಮೂವತ್ತು ಅಡಿ ರಸ್ತೆಯಲ್ಲಿ ನಿಮ್ಮ ಎಡ ಅಂಚಿನಿಂದ ಆರು ಅಡಿಯೊಳಗೆ ಡಿಕ್ಕಿಯಾಗಿದ್ದರೆ, ಎದುರಿನ ಕಾರು ತನ್ನ ಬದಿ ಬಿಟ್ಟು ಬಂದಿತ್ತು ಎಂಬುದಕ್ಕೆ ಬೇರೆ ಸಾಕ್ಷಿಯೇ ಬೇಡ. ಅದೇ ಗುರುತು ರಸ್ತೆಯ ನಡುವೆ ಬಿದ್ದರೆ ‘ಅರ್ಧ ತಪ್ಪು ಅರ್ಜಿದಾರನದೂ ಹೌದು’ ಎಂಬ ವಾದಕ್ಕೆ ಬಾಗಿಲು ತೆರೆದಂತೆ.

ಹಂತ 4: ಹಣ ಕೊಡಬೇಕಾದವರು ಯಾರು

ಅರ್ಜಿಯಲ್ಲಿ ಚಾಲಕ, ವಾಹನದ ಮಾಲೀಕ ಮತ್ತು ವಿಮಾ ಕಂಪನಿ ಮೂವರನ್ನೂ ಎದುರುದಾರರನ್ನಾಗಿ ಮಾಡಬೇಕು. ವಾಹನದ ಸಂಖ್ಯೆ ಇದ್ದರೆ ಎಂ-ಪರಿವಾಹನ್ ಆ್ಯಪ್‌ನಲ್ಲಿ ವಿಮೆಯ ವಿವರ ಕಾಣಿಸುತ್ತದೆ. ಅಪಘಾತದ ದಿನಾಂಕಕ್ಕೆ ವಿಮೆ ಚಾಲ್ತಿಯಲ್ಲಿತ್ತೇ ಎಂಬುದೇ ಇಲ್ಲಿ ಮುಖ್ಯ.

‘ಚಾಲಕ ಕುಡಿದಿದ್ದ ಎಂದು ಸಾಬೀತಾದರೆ ವಿಮಾ ಕಂಪನಿ ಕೈತೊಳೆದುಕೊಳ್ಳುತ್ತದೆ, ಆದ್ದರಿಂದ ಕುಡಿತದ ಮಾತೇ ಎತ್ತಬೇಡಿ’ ಎಂಬ ಸಲಹೆಯನ್ನು ಠಾಣೆಯ ಹೊರಗೆ, ಆಸ್ಪತ್ರೆಯ ಮೆಟ್ಟಿಲ ಮೇಲೆ ನೀವು ಕೇಳಬಹುದು. ಈ ಭಯಕ್ಕೆ ಸ್ವಲ್ಪ ಆಧಾರವೂ ಇದೆ. 2019ರ ತಿದ್ದುಪಡಿಯ ನಂತರ ಕಾಯ್ದೆಯ 150ನೇ ಕಲಂನಲ್ಲಿ, ಮದ್ಯಪಾನ ಮಾಡಿ ಓಡಿಸಿದ್ದನ್ನು ಪಾಲಿಸಿಯ ಷರತ್ತಿನ ಉಲ್ಲಂಘನೆಯೆಂದು ವಿಮಾ ಕಂಪನಿ ವಾದಿಸಲು ಅವಕಾಶ ಸೇರಿದೆ. ಆದರೆ ಮೂರನೇ ವ್ಯಕ್ತಿಯ ವಿಮೆ ಇರುವುದೇ ರಸ್ತೆಯಲ್ಲಿ ಗಾಯಗೊಂಡವರಿಗಾಗಿ. ಷರತ್ತು ಮುರಿದದ್ದು ಮಾಲೀಕ ಮತ್ತು ಚಾಲಕ, ಗಾಯಾಳುವಲ್ಲ. ಹೀಗಾಗಿ ನ್ಯಾಯಾಲಯಗಳು ‘ಮೊದಲು ಪಾವತಿ, ನಂತರ ವಸೂಲಿ’ ಎಂಬ ತತ್ವವನ್ನು ಬೆಳೆಸಿವೆ: ಕಂಪನಿ ಗಾಯಾಳುವಿಗೆ ಹಣ ಕೊಟ್ಟು, ಅದನ್ನು ಮಾಲೀಕನಿಂದ ವಸೂಲು ಮಾಡಿಕೊಳ್ಳಲಿ. ಷರತ್ತಿನ ಉಲ್ಲಂಘನೆ ಸಾಬೀತಾದಾಗಲೂ ಕಂಪನಿ ಮೂರನೇ ವ್ಯಕ್ತಿಗೆ ಮೊದಲು ಹಣ ಕೊಡಬೇಕೆಂದು ಕರ್ನಾಟಕ ಹೈಕೋರ್ಟ್‌ನ ಪೂರ್ಣಪೀಠ 2020ರಲ್ಲಿ ಹೇಳಿದೆ. ಕುಡಿತದ ಪ್ರಕರಣದಲ್ಲಿಯೇ ಕೇರಳ ಹೈಕೋರ್ಟ್ 2023ರಲ್ಲಿ ಇದೇ ನಿಲುವು ತಳೆದಿದೆ. ಕುಡಿತದ ಕಾರಣಕ್ಕೆ ಕಂಪನಿ ನೇರವಾಗಿ ನಿರಾಕರಿಸಬಹುದಾದದ್ದು ಕುಡಿದವನ ಸ್ವಂತ ಕಾರಿನ ರಿಪೇರಿ ಖರ್ಚನ್ನು, ನಿಮ್ಮ ಮುರಿದ ಕಾಲಿನ ಪರಿಹಾರವನ್ನಲ್ಲ. ಆದ್ದರಿಂದ ನಿಜವನ್ನು ಮರೆಮಾಚಬೇಡಿ. ‘ವಿಮಾ ಕಂಪನಿ ಮೊದಲು ಪಾವತಿಸಿ, ಮಾಲೀಕನಿಂದ ವಸೂಲು ಮಾಡಿಕೊಳ್ಳಲಿ’ ಎಂಬ ಪರ್ಯಾಯ ಬೇಡಿಕೆಯನ್ನು ಅರ್ಜಿಯಲ್ಲಿಯೇ ಸೇರಿಸುವಂತೆ ವಕೀಲರಿಗೆ ಹೇಳಿ.

ವಿಮೆಯೇ ಇಲ್ಲದಿದ್ದರೆ ಮಾಲೀಕ ಮತ್ತು ಚಾಲಕ ಸ್ವಂತ ಆಸ್ತಿಯಿಂದ ಕೊಡಬೇಕಾಗುತ್ತದೆ. ಅಂಥಲ್ಲಿ ಜಪ್ತಿಯಾದ ವಾಹನ ಭದ್ರತೆಯಿಲ್ಲದೆ ಬಿಡುಗಡೆಯಾಗದಂತೆ ಮೊದಲೇ ಆಕ್ಷೇಪಣೆ ಸಲ್ಲಿಸಬೇಕು. ಗುದ್ದಿ ಪರಾರಿಯಾದ ವಾಹನ ಪತ್ತೆಯಾಗದಿದ್ದರೆ, 161ನೇ ಕಲಂ ಮತ್ತು 2022ರ ಯೋಜನೆಯ ಪ್ರಕಾರ ತೀವ್ರ ಗಾಯಕ್ಕೆ 50,000 ರೂಪಾಯಿ, ಸಾವಿಗೆ 2 ಲಕ್ಷ ರೂಪಾಯಿ ಸಿಗುತ್ತದೆ. ಇದರ ಅರ್ಜಿ ಹೋಗುವುದು ನ್ಯಾಯಮಂಡಳಿಗಲ್ಲ, ತಹಶೀಲ್ದಾರ್ ಅಥವಾ ಉಪವಿಭಾಗಾಧಿಕಾರಿ ಮಟ್ಟದ ವಿಚಾರಣಾಧಿಕಾರಿಗೆ. ನೀವು ಕುಡಿದವನ ಕಾರಿನೊಳಗೇ ಪ್ರಯಾಣಿಸುತ್ತಿದ್ದರೆ ವಿಷಯ ಬೇರೆ: ಖಾಸಗಿ ಕಾರಿನ ಸಹಪ್ರಯಾಣಿಕರಿಗೆ ರಕ್ಷಣೆ ಇರುವುದು ಸಾಮಾನ್ಯವಾಗಿ ಸಮಗ್ರ ಪಾಲಿಸಿಯಲ್ಲಿ ಮಾತ್ರ. ಕೆಲಸದ ಮೇಲಿರುವಾಗ ಗಾಯವಾಗಿದ್ದರೆ ನೌಕರರ ಪರಿಹಾರ ಕಾಯ್ದೆ (2025ರ ನವೆಂಬರ್‌ನಿಂದ ಅದರ ಜಾಗದಲ್ಲಿ ಸಾಮಾಜಿಕ ಭದ್ರತಾ ಸಂಹಿತೆ) ಅಥವಾ ಮೋಟಾರು ವಾಹನ ಕಾಯ್ದೆ, ಎರಡರಲ್ಲಿ ಒಂದನ್ನು ಮಾತ್ರ ಆರಿಸಿಕೊಳ್ಳಬಹುದು.

ಹಂತ 5: ಅರ್ಜಿ, ಅವಧಿ ಮತ್ತು ವಕೀಲರು

166ನೇ ಕಲಂ ಪ್ರಕಾರ ಅಪಘಾತವಾದ ದಿನದಿಂದ 6 ತಿಂಗಳೊಳಗೆ ಅರ್ಜಿ ಸಲ್ಲಿಸಬೇಕು. ಈ ಅವಧಿಯ ಸಿಂಧುತ್ವವನ್ನು ಸುಪ್ರೀಂ ಕೋರ್ಟ್‌ನಲ್ಲಿ ಪ್ರಶ್ನಿಸಲಾಗಿದ್ದು, ಅವಧಿ ಮೀರಿದೆ ಎಂಬ ಕಾರಣಕ್ಕೆ ಅರ್ಜಿಗಳನ್ನು ವಜಾಗೊಳಿಸಬಾರದೆಂದು 2025ರ ನವೆಂಬರ್‌ನಲ್ಲಿ ಮಧ್ಯಂತರ ಆದೇಶವಾಗಿದೆ. ಗಡುವು ದಾಟಿದವರು ಆಸೆ ಬಿಡಬೇಕಿಲ್ಲ. ಇನ್ನೂ ಸಮಯವಿರುವವರು ಆ ಆದೇಶವನ್ನು ನಂಬಿ ಕೂರಬಾರದು.

ಅರ್ಜಿಯನ್ನು ಅಪಘಾತ ನಡೆದ ಸ್ಥಳದಲ್ಲಿ, ನೀವು ವಾಸಿಸುವ ಅಥವಾ ವ್ಯಾಪಾರ ನಡೆಸುವ ಸ್ಥಳದಲ್ಲಿ, ಇಲ್ಲವೇ ಎದುರುದಾರರು ವಾಸಿಸುವ ಸ್ಥಳದಲ್ಲಿ ಸಲ್ಲಿಸಬಹುದು. ಹೊಸೂರಿನ ಬಳಿಯೋ ಕೊಲ್ಹಾಪುರದ ಬಳಿಯೋ ಅಪಘಾತವಾದ ಹಾಸನದವರು ಹಾಸನದಲ್ಲಿಯೇ ಅರ್ಜಿ ಹಾಕಬಹುದು. ಭಾಷೆ ಬಾರದ ಊರಿಗೆ ಅಲೆಯಬೇಕಿಲ್ಲ. ಬೆಂಗಳೂರಿನಲ್ಲಿ ಲಘು ವ್ಯವಹಾರಗಳ ನ್ಯಾಯಾಲಯ ನ್ಯಾಯಮಂಡಳಿಯಾಗಿ ಕೆಲಸ ಮಾಡುತ್ತದೆ. ಉಳಿದೆಡೆ ಜಿಲ್ಲಾ ನ್ಯಾಯಾಧೀಶರು ಮತ್ತು ಹಿರಿಯ ಸಿವಿಲ್ ನ್ಯಾಯಾಧೀಶರು ಈ ಕೆಲಸ ನಿರ್ವಹಿಸುತ್ತಾರೆ.

ಇನ್ನೊಂದು ದಾರಿ 164ನೇ ಕಲಂ. ಯಾರ ತಪ್ಪು ಎಂದು ಸಾಬೀತು ಮಾಡುವ ಅಗತ್ಯವಿಲ್ಲದೆ ತೀವ್ರ ಗಾಯಕ್ಕೆ 2.5 ಲಕ್ಷ, ಸಾವಿಗೆ 5 ಲಕ್ಷ ರೂಪಾಯಿ ನಿಗದಿಯಾಗಿದೆ. ಬೇಗ ಸಿಗುವ ಹಣವೆಂದು ಇದನ್ನು ಒಪ್ಪಿಕೊಂಡರೆ 166ರ ಅರ್ಜಿ ಅಲ್ಲಿಗೇ ಬಿದ್ದುಹೋಗುತ್ತದೆ ಎಂಬುದನ್ನು ನೆನಪಿಡಿ. ಚಾಲಕ ಕುಡಿದಿದ್ದು ನಿರ್ಲಕ್ಷ್ಯ ಎದ್ದು ಕಾಣುವ ಪ್ರಕರಣದಲ್ಲಿ, ಶಾಶ್ವತ ಊನ ಉಳಿದಿದ್ದರೆ, 164ನ್ನು ಆರಿಸಿಕೊಳ್ಳುವುದು ನಷ್ಟದ ವ್ಯವಹಾರ ಎಂಬುದು ನನ್ನ ಖಚಿತ ಅಭಿಪ್ರಾಯ.

ವಕೀಲರ ಬಗ್ಗೆ ಒಂದು ಎಚ್ಚರಿಕೆ. ವಾರ್ಡಿಗೇ ಬಂದು ‘ನಾವೇ ಎಲ್ಲ ನೋಡಿಕೊಳ್ಳುತ್ತೇವೆ, ಬಂದ ಹಣದಲ್ಲಿ ಇಷ್ಟು ಪಾಲು ಕೊಡಿ’ ಎನ್ನುವ ಮಧ್ಯವರ್ತಿಗಳಿಗೆ ವಕಾಲತ್ತಿನ ಹಾಳೆಗೆ ಸಹಿ ಹಾಕಿಕೊಡಬೇಡಿ. ಪರಿಹಾರದ ಮೊತ್ತದಲ್ಲಿ ಪಾಲು ಕೇಳುವ ಒಪ್ಪಂದವನ್ನು ಭಾರತೀಯ ವಕೀಲರ ಪರಿಷತ್ತಿನ ನಿಯಮಗಳೇ ನಿಷೇಧಿಸಿವೆ. ಖಾಲಿ ಹಾಳೆಗೆ, ಖಾಲಿ ಚೆಕ್ಕಿಗೆ ಸಹಿ ಸರ್ವಥಾ ಬೇಡ. ಶುಲ್ಕ ಭರಿಸಲಾಗದವರು ತಾಲ್ಲೂಕು ಅಥವಾ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಉಚಿತ ವಕೀಲರನ್ನು ಕೇಳಬಹುದು. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಆದಾಯದ ಮಿತಿಯಿಲ್ಲದೆ ಇದಕ್ಕೆ ಅರ್ಹರು. ಸಹಾಯವಾಣಿ 15100.

ಹಂತ 6: ಪರಿಹಾರದ ಲೆಕ್ಕ

ಗಾಯದ ಪ್ರಕರಣದಲ್ಲಿ ಯಾವ ಯಾವ ಬಾಬ್ತಿಗೆ ಹಣ ಕೊಡಬೇಕೆಂದು ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ: ಚಿಕಿತ್ಸೆ, ಓಡಾಟ, ಪೌಷ್ಟಿಕ ಆಹಾರ ಮತ್ತು ಆರೈಕೆದಾರರ ಖರ್ಚು, ಹಾಸಿಗೆ ಹಿಡಿದಿದ್ದಾಗಿನ ಆದಾಯ ನಷ್ಟ, ಶಾಶ್ವತ ಊನದಿಂದ ಮುಂದೆ ಆಗುವ ಆದಾಯ ನಷ್ಟ, ಮುಂದಿನ ಚಿಕಿತ್ಸೆ, ನೋವು ಮತ್ತು ಯಾತನೆ, ಬದುಕಿನ ಸೌಖ್ಯದ ನಷ್ಟ. ದೊಡ್ಡ ಮೊತ್ತ ನಿಲ್ಲುವುದು ಶಾಶ್ವತ ಊನದಿಂದ ಮುಂದೆ ಆಗುವ ಆದಾಯ ನಷ್ಟದಲ್ಲಿ, ಆದ್ದರಿಂದ ಅದನ್ನು ಒಂದು ಕಲ್ಪಿತ ಉದಾಹರಣೆಯಿಂದ ನೋಡೋಣ.

34 ವರ್ಷದ ಬಡಗಿ, ತಿಂಗಳಿಗೆ 18,000 ರೂಪಾಯಿ ಆದಾಯ. ತೊಡೆಮೂಳೆ ಮುರಿದು ರಾಡ್ ಹಾಕಲಾಗಿದೆ, ಕುಕ್ಕರುಗಾಲಿನಲ್ಲಿ ಕೂರಲಾಗದು, ಏಣಿ ಹತ್ತಲಾಗದು. ವಯಸ್ಸಿಗೆ ತಕ್ಕ ಗುಣಕವನ್ನು (ವಾರ್ಷಿಕ ಆದಾಯವನ್ನು ಗುಣಿಸುವ ಸಂಖ್ಯೆ) 2009ರ ಸರಳಾ ವರ್ಮಾ ತೀರ್ಪಿನ ಕೋಷ್ಟಕದಿಂದ ತೆಗೆದುಕೊಳ್ಳುತ್ತಾರೆ: 26ರಿಂದ 30 ವರ್ಷಕ್ಕೆ 17, 31ರಿಂದ 35ಕ್ಕೆ 16, 36ರಿಂದ 40ಕ್ಕೆ 15, 41ರಿಂದ 45ಕ್ಕೆ 14, 46ರಿಂದ 50ಕ್ಕೆ 13, 51ರಿಂದ 55ಕ್ಕೆ 11, ಹೀಗೆ. ನಮ್ಮ ಬಡಗಿಗೆ 16. ದೇಹದ ಒಟ್ಟು ಊನ ಶೇ 20 ಎಂದು ಒಪ್ಪಿದರೆ 18,000ವನ್ನು 12 ಮತ್ತು 16ರಿಂದ ಗುಣಿಸಿ ಅದರ ಶೇ 20 ತೆಗೆದಾಗ 6,91,200 ರೂಪಾಯಿ. ಸ್ವಂತ ಉದ್ಯೋಗದ, 40ಕ್ಕಿಂತ ಕಡಿಮೆ ವಯಸ್ಸಿನವರಿಗೆ ಭವಿಷ್ಯದ ಆದಾಯ ವೃದ್ಧಿಯೆಂದು ಶೇ 40 ಸೇರಿಸಬೇಕೆಂಬ 2017ರ ಪ್ರಣಯ್ ಸೇಠಿ ತೀರ್ಪು ಸಾವಿನ ಪ್ರಕರಣದ್ದಾದರೂ, ಶಾಶ್ವತ ಊನದ ಗಾಯಾಳುಗಳಿಗೂ ಆ ತತ್ವ ಸಲ್ಲುತ್ತದೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಅದನ್ನು ಸೇರಿಸಿದರೆ ಇದೇ ಲೆಕ್ಕ 9,67,680 ರೂಪಾಯಿಗೆ ಏರುತ್ತದೆ. ವಕೀಲರು ಅರ್ಜಿಯಲ್ಲಿ ಈ ಬಾಬ್ತನ್ನು ಕೇಳಿದ್ದಾರೆಯೇ ಎಂದು ನೀವೇ ನೋಡಿ.

ಈ ಲೆಕ್ಕದಲ್ಲಿ ಹೊಯ್ದಾಡುವ ಸಂಖ್ಯೆಗಳು ಎರಡು. ಒಂದು ಊನದ ಪ್ರಮಾಣ. ವೈದ್ಯರು ಕಾಲಿಗೆ ಶೇ 45 ಎಂದು ಬರೆದರೆ ಅದು ಇಡೀ ದೇಹದ ಊನವಲ್ಲ. ನಮ್ಮ ನ್ಯಾಯಮಂಡಳಿಗಳು ಅದರ ಮೂರನೇ ಒಂದರಷ್ಟನ್ನು ದೇಹದ ಊನವೆಂದು ತೆಗೆದುಕೊಳ್ಳುವುದು ರೂಢಿ. ಆದರೆ ಈ ರೂಢಿಗೆ ತಲೆಬಾಗಿ ಸುಮ್ಮನಾಗಬೇಕಿಲ್ಲ. ಎಡಗೈ ಕಳೆದುಕೊಂಡ ಚಾಲಕ ಅಥವಾ ಬಡಗಿಗೆ ಆಗುವ ನಷ್ಟವೇ ಬೇರೆ, ಅದೇ ಊನದ ಸರ್ಕಾರಿ ಗುಮಾಸ್ತನಿಗೆ ಆಗುವ ನಷ್ಟವೇ ಬೇರೆ ಎಂದು 2010ರ ದಶಕದ ಆರಂಭದಲ್ಲಿಯೇ ಸುಪ್ರೀಂ ಕೋರ್ಟ್ ವಿವರಿಸಿದೆ. ನೋಡಬೇಕಾದದ್ದು ದುಡಿಮೆಯ ಮೇಲಾದ ಪರಿಣಾಮವನ್ನು. ಹಾಗಾಗಿ ‘ನೋವಿದೆ’ ಎಂದಷ್ಟೇ ಹೇಳದೆ, ನಿಮ್ಮ ಕಸುಬಿನಲ್ಲಿ ಯಾವ ಕೆಲಸ ಈಗ ಆಗುತ್ತಿಲ್ಲ ಎಂಬುದನ್ನು ಒಂದೊಂದಾಗಿ ಹೇಳಬೇಕು, ಸಾಧ್ಯವಾದಷ್ಟೂ ಚಿಕಿತ್ಸೆ ಮಾಡಿದ ವೈದ್ಯರಿಂದಲೇ ಸಾಕ್ಷ್ಯ ಕೊಡಿಸಬೇಕು.

ಎರಡನೆಯದು ಆದಾಯ. ಸಂಬಳದ ಚೀಟಿ, ಬ್ಯಾಂಕ್ ಪಾಸ್‌ಬುಕ್, ಆದಾಯ ತೆರಿಗೆ ವಿವರ ಇದ್ದವರಿಗೆ ತೊಂದರೆಯಿಲ್ಲ. ಇಲ್ಲದವರಿಗೆ ಅಪಘಾತದ ವರ್ಷಕ್ಕೆ ಅನುಗುಣವಾಗಿ ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರ ಲೋಕ ಅದಾಲತ್‌ಗೆಂದು ರೂಪಿಸಿದ ಅಂದಾಜು ಆದಾಯದ ಕೋಷ್ಟಕವನ್ನು ಹೈಕೋರ್ಟ್ ಬಳಸುತ್ತದೆ. ಕೆಲಸ ಕೊಟ್ಟ ಮೇಸ್ತ್ರಿಯ ಸಾಕ್ಷ್ಯ, ಹಾಲಿನ ಡೇರಿಯ ಪುಸ್ತಕ, ಪಹಣಿ, ಗ್ರಾಹಕರಿಂದ ಫೋನ್‌ಪೇಯಲ್ಲಿ ಬಂದ ಹಣದ ವಿವರ ಕೂಡ ಆದಾಯದ ಪುರಾವೆಯೇ. ಗೃಹಿಣಿಯ ದುಡಿಮೆಗೂ ಆದಾಯದ ಬೆಲೆ ಕಟ್ಟಲಾಗುತ್ತದೆ.

ಬಿಲ್ಲುಗಳ ಬಗ್ಗೆ: ಪ್ರತಿ ಔಷಧ ಬಿಲ್ಲಿಗೆ ಅದರ ವೈದ್ಯರ ಚೀಟಿಯನ್ನು ಜೋಡಿಸಿ, ದಿನಾಂಕದ ಕ್ರಮದಲ್ಲಿ ಹಾಳೆಗೆ ಅಂಟಿಸಿ, ಕೊನೆಯಲ್ಲಿ ಪಟ್ಟಿ ಮತ್ತು ಮೊತ್ತ ಬರೆಯಿರಿ. ಅಂಗಡಿಯ ಥರ್ಮಲ್ ಕಾಗದದ ರಸೀದಿ ವರ್ಷದೊಳಗೆ ಅಳಿಸಿಹೋಗುವುದರಿಂದ ಆ ವಾರವೇ ಫೋಟೊ ತೆಗೆದಿಡಿ. ಎಕ್ಸ್‌ರೇ ಫಿಲ್ಮ್‌ಗಳನ್ನು ಮಡಿಸಬೇಡಿ.

ಹಂತ 7: ಸಾಕ್ಷಿ ಕಟ್ಟೆಯಲ್ಲಿ

ನಿಮ್ಮ ಮುಖ್ಯ ವಿಚಾರಣೆ ಪ್ರಮಾಣಪತ್ರದ ರೂಪದಲ್ಲಿ ಸಲ್ಲಿಕೆಯಾಗುತ್ತದೆ. ಆಮೇಲೆ ವಿಮಾ ಕಂಪನಿಯ ವಕೀಲರ ಪಾಟೀಸವಾಲು. ಹೆಲ್ಮೆಟ್ ಇತ್ತೇ, ಲೈಸೆನ್ಸ್ ಇತ್ತೇ, ಮೂವರು ಕೂತಿದ್ದಿರೇ, ಈಗ ಕೆಲಸಕ್ಕೆ ಹೋಗುತ್ತಿಲ್ಲವೇ, ಇಲ್ಲಿಗೆ ಹೇಗೆ ಬಂದಿರಿ, ಹೀಗೆ ಪ್ರಶ್ನೆಗಳು ಬರುತ್ತವೆ. ಊರುಗೋಲಿಲ್ಲದೆ ನಡೆಯಬಲ್ಲವರು ಊರುಗೋಲು ಹಿಡಿದು ಬರಬಾರದು. ಒಂದು ಸುಳ್ಳು ಉಳಿದ ಹತ್ತು ನಿಜಗಳನ್ನು ಕೆಡಿಸುತ್ತದೆ. ಗಾಯಾಳುವಿಗೆ ಲೈಸೆನ್ಸ್ ಇರಲಿಲ್ಲ ಎಂಬುದೊಂದೇ ಅವನ ನಿರ್ಲಕ್ಷ್ಯಕ್ಕೆ ಪುರಾವೆಯಲ್ಲ ಎಂದು ಸುಪ್ರೀಂ ಕೋರ್ಟ್ 2008ರಲ್ಲಿಯೇ ಹೇಳಿದೆ, ಆದ್ದರಿಂದ ಇಲ್ಲದ್ದನ್ನು ಇತ್ತು ಎನ್ನುವ ಅಗತ್ಯವಿಲ್ಲ. ಕ್ರಿಮಿನಲ್ ಪ್ರಕರಣದಲ್ಲಿ ಚಾಲಕ ಬಿಡುಗಡೆಯಾದರೂ ಪರಿಹಾರದ ಅರ್ಜಿ ಅದರಿಂದಲೇ ಬೀಳುವುದಿಲ್ಲ.

ಹಂತ 8: ರಾಜಿಯ ಮಾತು ಬಂದಾಗ

ಕಾಯ್ದೆಯ 149ನೇ ಕಲಂ ಪ್ರಕಾರ ವಿಮಾ ಕಂಪನಿಯ ನಿಯೋಜಿತ ಅಧಿಕಾರಿ 30 ದಿನಗಳೊಳಗೆ ಒಂದು ಮೊತ್ತದ ಪ್ರಸ್ತಾಪ ಮುಂದಿಡಬಹುದು. ಲೋಕ ಅದಾಲತ್‌ನಲ್ಲಿಯೂ ಪ್ರಸ್ತಾಪ ಬರುತ್ತದೆ. ಗಾಯ ಪೂರ್ತಿ ಮಾಗಿ, ಊನದ ಪ್ರಮಾಣ ತಿಳಿದ ಮೇಲೆ, ಮೇಲಿನ ಲೆಕ್ಕವನ್ನು ಕೈಯಲ್ಲಿ ಹಿಡಿದು ಮಾತಿಗೆ ಕುಳಿತರೆ ರಾಜಿ ಒಳ್ಳೆಯದೇ, ವರ್ಷಗಟ್ಟಲೆ ಅಲೆದಾಟ ತಪ್ಪುತ್ತದೆ. ಆದರೆ ಅದಾಲತ್‌ನ ತೀರ್ಮಾನಕ್ಕೆ ಮೇಲ್ಮನವಿ ಇಲ್ಲ. ರಾಡ್ ತೆಗೆಸುವ ಎರಡನೇ ಶಸ್ತ್ರಚಿಕಿತ್ಸೆ ಬಾಕಿಯಿದ್ದರೆ ಅದರ ಅಂದಾಜು ಖರ್ಚನ್ನು ಸೇರಿಸಿಯೇ ಒಪ್ಪಬೇಕು. ಇನ್ನು ಅಪಘಾತದ ಮರುದಿನ ಕುಡಿದವನ ಕಡೆಯವರು ಇಪ್ಪತ್ತು ಮೂವತ್ತು ಸಾವಿರ ಹಿಡಿದು ತಂದು ‘ಕೇಸು ಬೇಡ’ ಎಂದು ಬರೆಸಿಕೊಳ್ಳುವ ಪತ್ರಕ್ಕೆ ಸಹಿ ಹಾಕಲೇಬೇಡಿ. ಚಿಕಿತ್ಸೆಗೆಂದು ಹಣ ಕೊಟ್ಟರೆ, ‘ಚಿಕಿತ್ಸೆಯ ಖರ್ಚಿನ ಬಾಬ್ತು ಭಾಗಶಃ’ ಎಂದು ಬರೆದು ರಸೀದಿ ಕೊಡಿ, ಅಷ್ಟೇ.

ಹಂತ 9: ಆದೇಶದ ನಂತರ

ಆದೇಶವಾದ 30 ದಿನಗಳೊಳಗೆ ಹಣ ಠೇವಣಿಯಾಗಬೇಕು. ಅರ್ಜಿಯ ದಿನದಿಂದ ಬಡ್ಡಿ ಸಿಗುತ್ತದೆ. ನಮ್ಮ ರಾಜ್ಯದಲ್ಲಿ ಹೆಚ್ಚಾಗಿ ಶೇ 6. ಮೊತ್ತ ಕಡಿಮೆಯೆನಿಸಿದರೆ 90 ದಿನಗಳೊಳಗೆ ಹೈಕೋರ್ಟ್‌ಗೆ ಮೇಲ್ಮನವಿ ಸಲ್ಲಿಸಬಹುದು. ನೀವಿರುವ ಜಿಲ್ಲೆಗೆ ತಕ್ಕಂತೆ ಅದು ಬೆಂಗಳೂರು, ಧಾರವಾಡ ಅಥವಾ ಕಲಬುರಗಿ ಪೀಠಕ್ಕೆ ಹೋಗುತ್ತದೆ. ವಿವಾದದಲ್ಲಿರುವ ಮೊತ್ತ 1 ಲಕ್ಷ ರೂಪಾಯಿಗಿಂತ ಕಡಿಮೆಯಿದ್ದರೆ ಮೇಲ್ಮನವಿಗೆ ಅವಕಾಶವಿಲ್ಲ. ಎದುರುದಾರರು ಹಣ ಕಟ್ಟದಿದ್ದರೆ ಅಮಲ್ಜಾರಿ ಅರ್ಜಿ (ಆದೇಶವನ್ನು ಜಾರಿ ಮಾಡಿಸಲು ಕೊಡುವ ಅರ್ಜಿ) ಹಾಕಬೇಕು. 174ನೇ ಕಲಂ ಪ್ರಕಾರ ನ್ಯಾಯಮಂಡಳಿ ಕೊಡುವ ಪ್ರಮಾಣಪತ್ರದ ಆಧಾರದ ಮೇಲೆ ಜಿಲ್ಲಾಧಿಕಾರಿ ಆ ಮೊತ್ತವನ್ನು ಭೂಕಂದಾಯದ ಬಾಕಿಯಂತೆ ವಸೂಲು ಮಾಡಬಹುದು. ವಿಮೆಯಿಲ್ಲದ ವಾಹನದ ಮಾಲೀಕನ ವಿರುದ್ಧ ಇದು ಬಹಳ ಉಪಯುಕ್ತ.

ಬಂದ ಹಣದ ಒಂದು ಭಾಗವನ್ನು ನ್ಯಾಯಮಂಡಳಿ ಸಾಮಾನ್ಯವಾಗಿ ನಿಮ್ಮ ಹೆಸರಿನಲ್ಲಿ ಕೆಲವು ವರ್ಷಗಳ ನಿಶ್ಚಿತ ಠೇವಣಿಯಲ್ಲಿ ಇಡಿಸುತ್ತದೆ, ಉಳಿದದ್ದು ನೇರವಾಗಿ ಬ್ಯಾಂಕ್ ಖಾತೆಗೆ ಜಮೆಯಾಗುತ್ತದೆ. ಖಾತೆ ಗಾಯಾಳುವಿನ ಹೆಸರಿನಲ್ಲಿಯೇ ಇರಲಿ, ಪಾಸ್‌ಬುಕ್ ಮತ್ತು ಎಟಿಎಂ ಕಾರ್ಡು ಮನೆಯಲ್ಲಿಯೇ ಇರಲಿ. ಠೇವಣಿಯ ಅವಧಿ ಮುಗಿಯುವ ಮೊದಲೇ ಮತ್ತೊಂದು ಶಸ್ತ್ರಚಿಕಿತ್ಸೆ ಬಂದರೆ, ವೈದ್ಯರ ಪತ್ರ ಮತ್ತು ಆಸ್ಪತ್ರೆಯ ಅಂದಾಜು ಪಟ್ಟಿ ಲಗತ್ತಿಸಿ ಅದೇ ನ್ಯಾಯಮಂಡಳಿಗೆ ಅರ್ಜಿ ಕೊಟ್ಟು, ಬೇಕಾದಷ್ಟನ್ನು ಅವಧಿಗೆ ಮುನ್ನ ಬಿಡುಗಡೆ ಮಾಡಿಸಿಕೊಳ್ಳಬಹುದು.